ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್: ಒಳ್ಳೆಯ ಯಂತ್ರ, ಅರ್ಧ ಹೇಳಿದ ಮಾತು

ತಂದೆಯವರ ಉಬ್ಬಸಕ್ಕೆಂದು ಕೊಂಡ ಪಲ್ಸ್ ಆಕ್ಸಿಮೀಟರ್ ಇದು; ರಕ್ತದಲ್ಲಿನ ಆಮ್ಲಜನಕದ ಮಟ್ಟವನ್ನು ಶೇಕಡಾವಾರಿನಲ್ಲಿ ತೋರಿಸುತ್ತದೆ. ಕ್ಲಿಪ್ಪಿನ ಹಿಡಿತ ಹದವಾಗಿದೆ, ಅಂಕಿಗಳು ಕನ್ನಡಕವಿಲ್ಲದೆಯೂ ಕಾಣಿಸುತ್ತವೆ. ಬ್ಯಾಟರಿಯ ಮುಚ್ಚಳ ಮಾತ್ರ ಉಗುರು ಮುರಿಯುವಷ್ಟು ಬಿಗಿ.

ನನ್ನ ತಕರಾರು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘±2%’ ಕುರಿತದ್ದು, ಅಂದರೆ ಅಂಕಿ ನಿಜಕ್ಕಿಂತ ಸುಮಾರು ಎರಡರಷ್ಟು ಆಚೀಚೆಯಾಗಬಹುದು ಎಂಬ ಮಾತು. ಭೌತಶಾಸ್ತ್ರ ಪಾಠ ಮಾಡಿದವನಿಗೆ ಇಂಥದ್ದನ್ನು ಕಂಡರೆ ಕೈ ಸುಮ್ಮನಿರುವುದಿಲ್ಲ. ಯಂತ್ರ ಬೆರಳಿನೊಳಗೆ ಎರಡು ಬೆಳಕು ಹಾಯಿಸುತ್ತದೆ: ಸುಮಾರು 660 ನ್ಯಾನೋಮೀಟರಿನ ಕೆಂಪು, 940ರ ಅವಕೆಂಪು. ನಾಡಿ ಬಡಿದಾಗಲೆಲ್ಲ ಎರಡೂ ಎಷ್ಟೆಷ್ಟು ಹೀರಲ್ಪಟ್ಟವು ಎಂಬ ಅನುಪಾತ ಸಿಗುತ್ತದೆ. ಅದನ್ನು ಶೇಕಡಾವಾರಿಗೆ ತಿರುಗಿಸಲು ಸಿದ್ಧ ಕೋಷ್ಟಕವೊಂದು ಬೇಕು. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಿಸಿ, ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿ ಆ ಕೋಷ್ಟಕ ಕಟ್ಟುತ್ತಾರೆ. ಅಂದರೆ ಪರದೆಯ 95 ಎಂದರೆ, ಇಂಥ ಅನುಪಾತವಿದ್ದ ಆ ಜನರ ರಕ್ತದಲ್ಲಿ ಆಮ್ಲಜನಕ ಇಷ್ಟಿತ್ತು ಎಂದಷ್ಟೇ.

ಆ ಜನ ಯಾರು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ 2013ರ ಮಾರ್ಗಸೂಚಿ ಕನಿಷ್ಠ 10 ಮಂದಿಯ ಮೇಲೆ ಪರೀಕ್ಷಿಸಿದರೆ ಸಾಕು ಎಂದಿತ್ತು; ಗಾಢ ಮೈಬಣ್ಣದವರು ಇಬ್ಬರು ಅಥವಾ ಶೇ. 15, ಯಾವುದು ಹೆಚ್ಚೋ ಅಷ್ಟು. 2020ರಲ್ಲಿ ಅಲ್ಲಿಯ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದಾಗ, ಯಂತ್ರ 92ರಿಂದ 96 ತೋರಿಸಿದ್ದರೂ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆಯಿದ್ದ ಪ್ರಕರಣಗಳು ಕಪ್ಪು ವರ್ಣದವರಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಈ ಲೋಪವನ್ನು ಹಿಡಿದದ್ದೂ ವಿಜ್ಞಾನವೇ, ಒಪ್ಪಿದೆ. ಆದರೆ ಯಾರ ಬೆರಳನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು ಎಂಬುದನ್ನು ಬೆಳಕಿನ ನಿಯಮ ಹೇಳಿಕೊಡುವುದಿಲ್ಲ. ಕೊಠಡಿಯಲ್ಲಿ ಕುಳಿತ ಯಾರೋ ತೀರ್ಮಾನಿಸಿರುತ್ತಾರೆ.

ನಮ್ಮ ತಂದೆಯವರದು ಎಣ್ಣೆಗಪ್ಪು ಮೈಬಣ್ಣ. ನಿಮ್ಮ ಯಂತ್ರವನ್ನು ಯಾರ ಮೇಲೆ ಪರೀಕ್ಷಿಸಿದ್ದೀರಿ ಎಂದು ಗ್ರಾಹಕ ಸೇವೆಗೆ ಬರೆದೆ. ‘ಪ್ರಯೋಗಾಲಯದಲ್ಲಿ ಪ್ರಮಾಣೀಕೃತ’ ಎಂಬ ಉತ್ತರ ಬಂತು. ಮತ್ತೆ ಕೇಳಿದರೂ ಅದೇ ವಾಕ್ಯ.

ಹಾಗೆಂದು ಎಸೆದಿಲ್ಲ. ಚೆನ್ನಾಗಿರುವ ದಿನ ಅವರಿಗೆ ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟಿದ್ದೇನೆ; ಅದಕ್ಕಿಂತ ಇಳಿದರೆ ಎಚ್ಚರವಾಗುತ್ತೇನೆ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗಾಗಿಸಿ ನೋಡುತ್ತೇನೆ. ಮಾತಿನ ಮಧ್ಯೆ ಏದುಸಿರು ಬಂತೆಂದರೆ ಯಂತ್ರ 97 ಎಂದರೂ ವೈದ್ಯರಿಗೆ ಫೋನ್ ಮಾಡುತ್ತೇನೆ.

ಐದಕ್ಕೆ ಮೂರು ನಕ್ಷತ್ರ. ಯಾರ ಮೇಲೆ ಪರೀಕ್ಷಿಸಿದರು ಎಂಬುದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ ದಿನ ನಾಲ್ಕನೆಯದನ್ನೂ ಕೊಡುತ್ತೇನೆ.