ದಾವಣಗೆರೆಯ ಬಾಡಿಗೆ ಸೌಂಡ್ ಸೆಟ್: ಮೆಟಲ್ ಶೋಗೆ ಸಾಕಾಗುತ್ತದೆಯೇ?

ಮೆಟಲ್ (ಜೋರು ಗಿಟಾರಿನ ರಾಕ್ ಸಂಗೀತ) ಬ್ಯಾಂಡ್ ಬೆಂಗಳೂರಿನದಾದರೆ ಸೌಂಡೂ ಬೆಂಗಳೂರಿನಿಂದಲೇ ಬರಬೇಕು ಎಂಬ ಮಾತು ದಾವಣಗೆರೆಯಲ್ಲಿ ಶೋ ಮಾಡಲು ಹೊರಟವರ ಬಾಯಲ್ಲಿ ಮೊದಲು ಬರುತ್ತದೆ. ಸುಮಾರು 260 ಕಿ.ಮೀ. ಲಾರಿ ಬಾಡಿಗೆ, ಹಮಾಲಿ, ಆಪರೇಟರುಗಳ ಊಟ, ವಸತಿ ಎಲ್ಲ ಸೇರಿದರೆ ಬ್ಯಾಂಡಿಗೆ ಕೊಡಬೇಕಾದ ದುಡ್ಡೇ ಅತ್ತ ಹೋಗುತ್ತದೆ. ಅದರ ಅಗತ್ಯವಿಲ್ಲ. ಊರಲ್ಲೇ ಬಾಡಿಗೆಗೆ ಸಿಗುವ ಸೆಟ್ಟುಗಳಲ್ಲಿ ಬಾಕ್ಸಿಗೂ ಆಂಪ್ಲಿಫೈಯರಿಗೂ ಕೊರತೆಯಿಲ್ಲ. ಕೊರತೆ ಇರುವುದು ಮೈಕುಗಳಲ್ಲಿ, ಡಿಐ ಬಾಕ್ಸಿನಂಥ (ಗಿಟಾರಿನ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಡಬ್ಬಿ) ಸಣ್ಣ ಸಾಮಾನುಗಳಲ್ಲಿ ಮತ್ತು ಸೌಂಡ್ ಚೆಕ್ಕಿಗೆ ಕೊಡುವ ಸಮಯದಲ್ಲಿ. ಈ ಮೂರನ್ನು ಅಡ್ವಾನ್ಸ್ ಕೊಡುವಾಗಲೇ ಬರೆಸಿಕೊಂಡರೆ ಇಲ್ಲಿಯ ಸೆಟ್ಟಿನಲ್ಲೇ ಮೆಟಲ್‌ನ ಅತಿ ರಭಸದ ಬಗೆಯಾದ ಡೆತ್ ಮೆಟಲ್ ಕೂಡ ಒಂದೊಂದು ಪೆಟ್ಟೂ ಬಿಡಿಯಾಗಿ ಕೇಳಿಸುತ್ತದೆ.

ಸೌಂಡಿನವರ ಹತ್ತಿರ ಸಾಮಾನ್ಯವಾಗಿ ಎರಡು ಬಗೆಯ ಸೆಟ್ಟು ಇರುತ್ತವೆ. ರಸಮಂಜರಿ, ನಾಟಕ, ಸಭೆಗಳಿಗೆ ಹೋಗುವ ಆರ್ಕೆಸ್ಟ್ರಾ ಸೆಟ್ ಒಂದು. ಗಣಪತಿ ಮೆರವಣಿಗೆಗೆ ಹೋಗುವ ಡಿಜೆ ಸೆಟ್ ಇನ್ನೊಂದು. ಮೆಟಲ್ ಅಂದರೆ ಜೋರು, ಹಾಗಾಗಿ ಡಿಜೆ ಸೆಟ್ಟೇ ಇರಲಿ ಎಂದು ಹೊರಡುವವರು ಹೆಚ್ಚು. ಅದು ಸರಿಯಾದ ಆಯ್ಕೆಯಲ್ಲ. ಡಿಜೆ ಸೆಟ್ಟನ್ನು 50–60 ಹರ್ಟ್ಸ್ ಸುತ್ತ ಎದೆ ನಡುಗುವಂತೆ ಕಟ್ಟಿರುತ್ತಾರೆ, ಅದರಲ್ಲಿ ಹಾಕುವುದು ಮೊದಲೇ ಮಿಕ್ಸ್ ಆದ ಹಾಡು. ಮೆಟಲ್‌ನ ಜೀವ ಇರುವುದು ಗಿಟಾರಿನ ನಡುಭಾಗದಲ್ಲಿ, ಸುಮಾರು 300 ಹರ್ಟ್ಸ್‌ನಿಂದ 4 ಕಿಲೋಹರ್ಟ್ಸ್‌ವರೆಗೆ. ಈ ಭಾಗವನ್ನು ಆರ್ಕೆಸ್ಟ್ರಾ ಸೆಟ್ಟಿನ ಟಾಪ್‌ಗಳು, ಅಂದರೆ ನಡು ಮತ್ತು ಮೇಲಿನ ಸ್ವರದ ಬಾಕ್ಸುಗಳು, ಚೆನ್ನಾಗಿ ನುಡಿಸುತ್ತವೆ, ಏಕೆಂದರೆ ಅವನ್ನು ಹಾಡುಗಾರರ ದನಿಗಾಗಿಯೇ ಹೊಂದಿಸಿರುತ್ತಾರೆ. ಆದ್ದರಿಂದ ಒಬ್ಬರೇ ಮಾಲೀಕರಿಂದ ಆರ್ಕೆಸ್ಟ್ರಾ ಸೆಟ್ಟಿನ ಟಾಪು, ಡಿಜೆ ಸೆಟ್ಟಿನ ಬೇಸು ಕೇಳಿ. ಬಯಲಿನಲ್ಲಿ 400–500 ಜನಕ್ಕೆ ಒಂದೊಂದು ಬದಿಗೆ 15 ಇಂಚಿನ ಎರಡು ಟಾಪ್, ಡಬಲ್ 18ರ (18 ಇಂಚಿನ ಎರಡು ಸ್ಪೀಕರ್ ಇರುವ) ಎರಡು ಬೇಸ್ ಬಾಕ್ಸ್ ಸಾಕು. ಒಳಾಂಗಣದಲ್ಲಿ 200 ಜನಕ್ಕೆ ಇದರ ಅರ್ಧ. ಟಾಪಿಗೂ ಬೇಸಿಗೂ ಸ್ವರ ಹಂಚುವ ಗಡಿ, ಅಂದರೆ ಕ್ರಾಸ್‌ಓವರ್, 80ರಿಂದ 100 ಹರ್ಟ್ಸ್ ನಡುವೆ ಇರಲಿ. ಬಾಕ್ಸುಗಳಿಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು.

ಮಿಕ್ಸರಿನ ವಿಷಯಕ್ಕೆ ಬಂದರೆ ಅಷ್ಟು ಅಂಕ ಬರುವುದಿಲ್ಲ. ಕೀಬೋರ್ಡ್, ರಿದಂ ಪ್ಯಾಡ್, ಇಬ್ಬರು ಮೂವರು ಗಾಯಕರಿಗೆ 12 ಚಾನೆಲ್ಲಿನ ಅನಲಾಗ್ ಮಿಕ್ಸರ್ ಸಾಕಾಗುತ್ತದೆ. ಮೆಟಲ್ ಬ್ಯಾಂಡಿಗೆ ಲೆಕ್ಕ ಹಾಕಿ ನೋಡಿ: ಡ್ರಮ್ ಸೆಟ್ಟಿನಲ್ಲಿ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಾದ ಕಿಕ್‌ಗೆ ಒಂದು, ಚುರುಕು ಸದ್ದಿನ ಸ್ನೇರ್ ಡ್ರಮ್ಮಿಗೆ ಒಂದು, ಟಾಮ್ ಡ್ರಮ್‌ಗಳಿಗೆ ಮೂರು, ಜೋಡಿ ಸಿಂಬಲ್ಲಾದ ಹೈಹ್ಯಾಟ್‌ಗೆ ಒಂದು, ಸಿಂಬಲ್ ಮೇಲೆ ಎರಡು, ಅಲ್ಲಿಗೇ ಎಂಟಾಯಿತು. ಗಿಟಾರ್ ಎರಡು, ಬೇಸ್ ಗಿಟಾರ್ ಒಂದು, ದನಿ ಎರಡು, ಲ್ಯಾಪ್‌ಟಾಪಿನಿಂದ ಬರುವ ಟ್ರ್ಯಾಕಿಗೆ ಎರಡು. ಒಟ್ಟು 15. ಹದಿನಾರು ಚಾನೆಲ್ ಇದ್ದರೂ ಇಕ್ಕಟ್ಟು. 24 ಇದ್ದರೆ ನೆಮ್ಮದಿ. ಬೆಹ್ರಿಂಗರ್ ಎಕ್ಸ್32ನಂಥ ಡಿಜಿಟಲ್ ಮಿಕ್ಸರ್ ಕೇಳಿ ಪಡೆಯಿರಿ. ಅದರಲ್ಲಿ 32 ಮೈಕ್ ಇನ್‌ಪುಟ್ ಇವೆ, ಜೊತೆಗೆ ಪ್ರತಿ ಚಾನೆಲ್ಲಿಗೂ ಗೇಟ್ (ಪೆಟ್ಟುಗಳ ನಡುವಿನ ಸದ್ದು ಮುಚ್ಚುವುದು), ಕಂಪ್ರೆಸರ್ (ಸದ್ದಿನ ಏರಿಳಿತ ಸಮ ಮಾಡುವುದು), ಈಕ್ವಲೈಸರ್ ಇವೆ. ಗೇಟ್ ಇಲ್ಲದೆ ಮೆಟಲ್ ಡ್ರಮ್ಸ್ ಮಿಕ್ಸ್ ಮಾಡುವುದು ಬಹಳ ಕಷ್ಟ.

ಯಾಕೆಂದರೆ, ಎರಡೂ ಕಾಲಿನಿಂದ ಕಿಕ್ ಬಾರಿಸುವ ಡಬಲ್ ಪೆಡಲಿನಲ್ಲಿ ನಿಮಿಷಕ್ಕೆ 200 ಬೀಟ್ ವೇಗದ ಹದಿನಾರನೇ ನೋಟುಗಳು ಬಂದರೆ ಸೆಕೆಂಡಿಗೆ 13ಕ್ಕಿಂತ ಹೆಚ್ಚು ಪೆಟ್ಟು. ಒಂದು ಪೆಟ್ಟಿನಿಂದ ಇನ್ನೊಂದಕ್ಕೆ 75 ಮಿಲಿಸೆಕೆಂಡ್ ಮಾತ್ರ. ಡಿಜೆ ಅಭ್ಯಾಸದಲ್ಲಿ 50 ಹರ್ಟ್ಸ್ ಎತ್ತಿಬಿಟ್ಟರೆ ಒಂದು ಪೆಟ್ಟಿನ ಗುಂಯ್ಯೆನ್ನುವ ಬಾಲ ಮುಗಿಯುವ ಮೊದಲೇ ಮುಂದಿನ ಮೂರು ಪೆಟ್ಟು ಬಿದ್ದಿರುತ್ತವೆ, ಜನಕ್ಕೆ ಕೇಳಿಸುವುದು ಬರೀ ಗುಡುಗುಡು. ಪರಿಹಾರ ದೊಡ್ಡದಲ್ಲ. ಕಿಕ್ ಡ್ರಮ್ಮಿನೊಳಗೆ ಒಂದು ತಲೆದಿಂಬು ಇಡಿ, ಅದು ಪೆಟ್ಟು ಬೀಳುವ ಚರ್ಮವನ್ನು ತುಸು ಮುಟ್ಟುತ್ತಿರಲಿ. ಮೈಕನ್ನು ಮುಂದಿನ ಚರ್ಮದ ರಂಧ್ರದೊಳಗೆ ತೂರಿಸಿ. ಗೇಟಿನ ರಿಲೀಸ್ (ಮುಚ್ಚಿಕೊಳ್ಳುವ ಸಮಯ) 50 ಮಿಲಿಸೆಕೆಂಡ್ ಸುತ್ತ ಇರಲಿ. 300–400 ಹರ್ಟ್ಸ್ ಚೆನ್ನಾಗಿ ಇಳಿಸಿ, 4 ಕಿಲೋಹರ್ಟ್ಸ್ ಎತ್ತಿ. ಪೆಟ್ಟಿನ ಟಕ್ ಟಕ್ ಅಲ್ಲಿಂದ ಬರುತ್ತದೆ. 60 ಹರ್ಟ್ಸನ್ನು ಸುಮ್ಮನೆ ಬಿಟ್ಟರೂ ನಡೆಯುತ್ತದೆ.

ಕಿಕ್‌ಗೆಂದೇ ಮಾಡಿದ ಮೈಕ್, ಶೂರ್ ಬೀಟಾ 52ಎ ಅಥವಾ ಎಕೆಜಿ ಡಿ112ನಂಥದ್ದು, ಇಲ್ಲಿಯ ಸೆಟ್ಟಿನ ಜೊತೆ ತಾನಾಗಿ ಬರುವುದಿಲ್ಲ. ಮೈಕ್ ಡಬ್ಬಿಯಲ್ಲಿ ಇರುವುದೆಲ್ಲ ಹಾಡಲು ಬಳಸುವ ಎಸ್‌ಎಂ58, ಇಲ್ಲವೇ ಅದರ ನಕಲು. ಡ್ರಮ್ ಮೈಕ್ ಕಿಟ್ ಬೇರೆ ಎಂದೇ ಹೇಳಿ ತರಿಸಬೇಕು. ಸಿಂಬಲ್ ಮೇಲಿನ ಕಂಡೆನ್ಸರ್ ಮೈಕಿಗೆ ಮಿಕ್ಸರಿನಿಂದ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ಆನ್ ಮಾಡುವುದು ಮರೆತುಹೋಗಿ, ಮೈಕ್ ಹಾಳಾಗಿದೆ ಎಂದು ಪಕ್ಕಕ್ಕಿಟ್ಟ ಪ್ರಸಂಗಗಳೂ ಉಂಟು. ಮೈಕ್ ಸಾಮಾನಿಗೆ ಐದಕ್ಕೆ ಎರಡೇ.

ಡ್ರಮ್ ಸೆಟ್ಟಿನ ಬಗ್ಗೆ ಒಂದು ಮಾತು. ವಂದೇ ಭಾರತ್‌ನಲ್ಲೋ ಜನಶತಾಬ್ದಿಯಲ್ಲೋ ಬರುವ ಡ್ರಮ್ಮರ್ ಸ್ನೇರ್, ಸಿಂಬಲ್, ಡಬಲ್ ಪೆಡಲ್ ಮಾತ್ರ ತರುತ್ತಾರೆ. ಉಳಿದದ್ದು ಇಲ್ಲೇ ಸಿಗಬೇಕು. ಡಬಲ್ ಪೆಡಲಿನ ಕ್ಲಾಂಪ್ ಕಿಕ್ ಡ್ರಮ್ಮಿನ ಬಳೆಗೆ ಕೂರುತ್ತದೆಯೇ ಎಂದು ಮುಂಚೆಯೇ ನೋಡಿ. ಡ್ರಮ್ಮಿನ ಅಡಿಗೆ ಜಮಖಾನ ಹಾಸಿ, ಅದರ ತುದಿಗಳನ್ನು ವೇದಿಕೆಯ ಹಲಗೆಗೆ ಟೇಪ್ ಹೊಡೆದು ಕೂರಿಸಿ. ಇಲ್ಲದಿದ್ದರೆ ಎರಡನೇ ಹಾಡಿಗೆ ಕಿಕ್ ಮುಂದಕ್ಕೆ ಜಾರಿರುತ್ತದೆ.

ಗಿಟಾರಿನಲ್ಲಿ ಆಗುವ ಅನ್ಯಾಯವೇ ಎಲ್ಲಕ್ಕಿಂತ ದೊಡ್ಡದು. ರಸಮಂಜರಿಯಲ್ಲಿ ಗಿಟಾರನ್ನು ನೇರ ಮಿಕ್ಸರಿಗೆ ಚುಚ್ಚುವುದು ರೂಢಿ, ಕ್ಲೀನ್ ಸ್ವರಕ್ಕೆ ಅದು ನಡೆಯುತ್ತದೆ. ಸ್ವರ ಒಡೆದು ಒರಟಾಗಿಸುವ ಡಿಸ್ಟಾರ್ಷನ್ ಪೆಡಲಿನಿಂದ ನೇರ ಚುಚ್ಚಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಬರೀ ಚಿಟಪಟ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಮೇಲಿನದ್ದನ್ನು ತಾನೇ ತಡೆಯುತ್ತದೆ. ಸೌಂಡ್ ಸೆಟ್ಟಿನ ಟಾಪಿನ ಹಾರ್ನ್ ಎಲ್ಲವನ್ನೂ ಹೊರಗೆ ಕಾರುತ್ತದೆ. ದಾರಿ ಎರಡಿವೆ. ಆಂಪ್ ಇದ್ದರೆ ಎಸ್‌ಎಂ57 ಮೈಕನ್ನು ಜಾಲರಿಗೆ ಎರಡು ಮೂರು ಸೆಂಟಿಮೀಟರ್ ಹತ್ತಿರ, ಸ್ಪೀಕರಿನ ನಡುವಿನ ಗುಬಟಿನ ಅಂಚಿಗೆ ನೇರ ಇಡಿ. ನಡುವಿಗೆ ಸರಿಸಿದಷ್ಟೂ ಚೂಪು, ಹೊರಗೆ ಸರಿಸಿದಷ್ಟೂ ಮಂದ. ಎಸ್‌ಎಂ57 ಇಲ್ಲದಿದ್ದರೆ ಎಸ್‌ಎಂ58ನ ಗುಂಡು ಜಾಲರಿ ತಿರುಗಿಸಿ ತೆಗೆದು ಬಳಸಬಹುದು. ಎರಡೂ ಒಂದೇ ಕುಲದವು. ಆದರೆ ಒಳಗಿನ ಭಾಗ ಆಗ ಬಯಲಾಗಿರುತ್ತದೆ, ಬೀಳಿಸಬೇಡಿ. ಆಂಪ್ ಇಲ್ಲದಿದ್ದರೆ ಮಲ್ಟಿ ಎಫೆಕ್ಟ್ ಪ್ರೊಸೆಸರಿನಲ್ಲಿ ಕ್ಯಾಬ್ ಸಿಮ್ಯುಲೇಷನ್ (ಆಂಪಿನ ಸ್ಪೀಕರಿನ ಸದ್ದನ್ನು ಅನುಕರಿಸುವುದು) ಆನ್ ಇರಲೇಬೇಕು. ಗಿಟಾರಿಸ್ಟ್ ಮನೆಯಲ್ಲಿ ಆಂಪಿಗಾಗಿ ಅದನ್ನು ಆಫ್ ಮಾಡಿಟ್ಟು ಇಲ್ಲಿ ಹಾಗೇ ಚುಚ್ಚುವುದು ಸಾಮಾನ್ಯ.

ಗಿಟಾರಿನ ಲೋ ಕಟ್ (ಕೆಳಸ್ವರ ಕತ್ತರಿಸುವ ಮಿತಿ) 90 ಹರ್ಟ್ಸ್ ಸುತ್ತ ಇರಲಿ. ತಂತಿ ಸಡಿಲಿಸಿ ಸ್ವರ ಇಳಿಸುವ ಡ್ರಾಪ್ ಸಿ ಟ್ಯೂನಿಂಗಿನ ಕೆಳತಂತಿ 65 ಹರ್ಟ್ಸ್‌ಗೆ ಇಳಿಯುತ್ತದೆ ನಿಜ, ಆದರೆ ಆ ಜಾಗ ಬೇಸ್ ಗಿಟಾರಿನದು. ಎಲ್ಲರೂ ಅಲ್ಲೇ ಕೂತರೆ ಯಾರೂ ಕೇಳಿಸುವುದಿಲ್ಲ. ಬೇಸ್ ಗಿಟಾರಿಗೆ ಡಿಐ ಬಾಕ್ಸ್ ಕಡ್ಡಾಯ.

ಇನ್ನು ದನಿ. ಆಪರೇಟರ್ ಅಣ್ಣನವರು ಮೈಕ್ ಕೈಗೆ ಬಂದ ಕೂಡಲೇ ಎಕೋ ಏರಿಸುತ್ತಾರೆ. ಭಾವಗೀತೆಗೆ, ಸಿನಿಮಾ ಹಾಡಿಗೆ ಅದು ಒಪ್ಪುತ್ತದೆ. ಮೆಟಲ್‌ನ ಗಂಟಲು ಗುಡುಗಿಸುವ ಗ್ರೌಲ್ ಗಾಯನಕ್ಕೆ ಎಕೋ ಪೂರ್ತಿ ಆಫ್. ಕಂಪ್ರೆಸರ್ ಇರಲಿ, ಲೋ ಕಟ್ 120–150 ಹರ್ಟ್ಸ್. ಹೌಲಿಂಗ್ (ಮೈಕ್ ಕೂಗುವುದು) ಬಂದರೆ ಎಲ್ಲರೂ ಮಿಕ್ಸರ್ ಕಡೆ ನೋಡುತ್ತಾರೆ, ಆದರೆ ಎಷ್ಟೋ ಸಲ ಕಾರಣ ಗಾಯಕರ ಕೈಯಲ್ಲೇ ಇರುತ್ತದೆ. ಮೈಕಿನ ಗುಂಡು ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಹಿಂಬದಿಯ ಗಾಳಿಕಿಂಡಿಗಳು ಮುಚ್ಚಿ, ಮುಂದಿನ ಶಬ್ದ ಮಾತ್ರ ಹಿಡಿಯಬೇಕಾದ ಮೈಕ್ ಸುತ್ತಲಿನ ಮಾನಿಟರ್ (ವೇದಿಕೆಯವರಿಗೆ ಕೇಳಿಸಲು ಇಟ್ಟ ಸ್ಪೀಕರ್) ಶಬ್ದವನ್ನೂ ಹಿಡಿಯುತ್ತದೆ. ಮೈಕನ್ನು ಜಾಲರಿಯ ಕೆಳಗಿನ ಹಿಡಿಯಲ್ಲೇ ಹಿಡಿಯಲು ಹೇಳಿ. ಮಾನಿಟರ್ ಕನಿಷ್ಠ ಮೂರು ಕೇಳಿ, ಡ್ರಮ್ಮರಿನದು ಬೇರೆ ಆಕ್ಸ್‌ನಲ್ಲಿ (ಮಿಕ್ಸರಿನ ಪ್ರತ್ಯೇಕ ಔಟ್‌ಪುಟ್) ಇರಲಿ.

ಕರೆಂಟಿನಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಸೌಂಡು ಮತ್ತು ಲೈಟು ಬೇರೆ ಬೇರೆ ಫೇಸ್‌ನಲ್ಲಿ ಇರಬೇಕು, ಇಲ್ಲದಿದ್ದರೆ ತಿರುಗುವ ಶಾರ್ಪಿ ಲೈಟುಗಳ ಸದ್ದೆಲ್ಲ ಗಿಟಾರಿನಲ್ಲಿ ಕೇಳುತ್ತದೆ. ಸೆಟ್ ಚಾಲೂ ಮಾಡುವ ಮೊದಲು ಮಲ್ಟಿಮೀಟರಿನಲ್ಲಿ ಫೇಸ್–ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್–ಅರ್ಥ್ ನಡುವೆ 2 ವೋಲ್ಟಿನೊಳಗೆ ಇದೆಯೇ ನೋಡಿ. ಜನರೇಟರಿನಲ್ಲಿ ನ್ಯೂಟ್ರಲ್ ಸಡಿಲವಿದ್ದರೆ ಒಂದು ಫೇಸ್‌ನಲ್ಲಿ ವೋಲ್ಟೇಜ್ 400ರ ಕಡೆ ಏರಿ ಪೆಡಲ್, ಮಿಕ್ಸರ್ ಎಲ್ಲ ಸುಟ್ಟುಹೋಗುತ್ತವೆ. ಹಮ್ಮಿಂಗ್ ಬಂತೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ, ಟೇಪ್ ಸುತ್ತುವ ಅಭ್ಯಾಸವನ್ನು ಎಲ್ಲಿ ಕಂಡರೂ ತಡೆಯಿರಿ. ಗಿಟಾರ್ ತಂತಿ ಹಿಡಿದವರ ತುಟಿ ಮೈಕಿಗೆ ತಗುಲಿದಾಗ ಆಗುವ ಶಾಕ್ ಪ್ರಾಣ ತೆಗೆಯಬಲ್ಲದು. ಹಮ್ ಹೋಗಲು ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಬಟನ್ ಇದೆ, ಅದನ್ನು ಒತ್ತಿದರೆ ಸಾಕು.

ಕಲ್ಯಾಣ ಮಂಟಪದಲ್ಲಿ ಮಾಡುವುದಾದರೆ ಗ್ರಾನೈಟ್ ನೆಲ, ಬರಿಗೋಡೆ ಎರಡೂ ಶತ್ರುಗಳು. ವೇದಿಕೆಯಿಂದ 25 ಮೀಟರ್ ದೂರದ ಗೋಡೆಗೆ ಬಡಿದ ಸದ್ದು ಸುಮಾರು 145 ಮಿಲಿಸೆಕೆಂಡ್ ತಡವಾಗಿ ವೇದಿಕೆಗೆ ಮರಳುತ್ತದೆ. ಅಷ್ಟರಲ್ಲಿ ಕಿಕ್ಕಿನ ಎರಡು ಪೆಟ್ಟು ಆಗಿಹೋಗಿರುತ್ತವೆ. ಹಿಂದಿನ ಗೋಡೆಗೆ ಶಾಮಿಯಾನದ ದಪ್ಪ ಬಟ್ಟೆಯನ್ನು ನಿರಿಗೆ ಹಿಡಿದು, ಗೋಡೆಯಿಂದ ಒಂದಡಿ ಬಿಟ್ಟು ಇಳಿಬಿಡಲು ಪೆಂಡಾಲಿನವರಿಗೆ ಹೇಳಿ. ಬೇಸ್ ಕಡಿಮೆಯಾಗದು, ಆದರೆ ಸ್ನೇರ್ ಮತ್ತು ಗಿಟಾರ್ ಎದ್ದು ಕೇಳುತ್ತವೆ.

ಸೌಂಡ್ ಚೆಕ್ಕಿಗೆ ಎರಡು ಗಂಟೆ ಬೇಕು ಎಂದರೆ ಸೌಂಡಿನವರಿಗೆ ಅಚ್ಚರಿಯಾಗುತ್ತದೆ. ಹಾಲೋ ಮೈಕ್ ಟೆಸ್ಟಿಂಗ್‌ನಲ್ಲಿ ಮುಗಿಯುವ ಕೆಲಸ ಇದಲ್ಲ ಎಂದು ತಾಳ್ಮೆಯಿಂದ ಹೇಳಿದರೆ ಒಪ್ಪುತ್ತಾರೆ, ಕುತೂಹಲದಿಂದ ಕಲಿಯುತ್ತಾರೆ ಕೂಡ. ಬ್ಯಾಂಡ್ ಬರುವ ಮೊದಲು ಸೆಟ್ಟನ್ನು ಪರೀಕ್ಷಿಸಲು ಮೂರು ಮೆಟಲ್ ತಂಡಗಳ ಆಲ್ಬಮ್ ಸಾಕು. ಬೆಂಗಳೂರಿನ ಕ್ರಿಪ್ಟೋಸ್‌ನ 2019ರ ಆಫ್ಟರ್‌ಬರ್ನರ್ ಹಾಕಿ, ಎರಡು ಗಿಟಾರ್ ಬೇರೆ ಬೇರೆಯಾಗಿ ಕೇಳಬೇಕು. ಹೈದರಾಬಾದಿನ ಗಾಡ್‌ಲೆಸ್‌ನ 2021ರ ಸ್ಟೇಟ್ಸ್ ಆಫ್ ಕೇಯಾಸ್‌ನಲ್ಲಿ ಕಿಕ್ ಎಣಿಸಲು ಆಗುವಷ್ಟು ಬಿಡಿಯಾಗಿರಬೇಕು. ಬೇವರ್ ಸೀ ತಂಡದ ನಿಧಾನಗತಿಯ ಡೂಮ್ ಮೆಟಲ್‌ಗೆ ಮಾತ್ರ ಬೇಸ್ ಧಾರಾಳವಾಗಿ ಬಿಡಬಹುದು. ಈ ಊರಿನ ಡಬಲ್ 18ಗಳು ತಮ್ಮ ಪೂರ್ತಿ ಕಸುವು ತೋರಿಸುವುದು ಅಂಥ ಸಂಗೀತದಲ್ಲೇ.

2000ದ ಶಬ್ದ ಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. ಆಸ್ಪತ್ರೆ, ವಿದ್ಯಾಸಂಸ್ಥೆ, ನ್ಯಾಯಾಲಯದ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಕಾಲೇಜು, ಆಸ್ಪತ್ರೆಗಳೇ ತುಂಬಿದ ಈ ಊರಿನಲ್ಲಿ ಮೈದಾನ ಗೊತ್ತುಮಾಡುವ ಮೊದಲು ಚಿಗಟೇರಿ, ಬಾಪೂಜಿ ಆಸ್ಪತ್ರೆಗಳಂಥ ಜಾಗದಿಂದ ದೂರ ಅಳೆದುಕೊಳ್ಳಿ. ಪ್ರೇಕ್ಷಕರಿಗೆ ಇಯರ್‌ಪ್ಲಗ್ ಕೊಡುವುದು ಖರ್ಚಿನ ಮಾತಲ್ಲ. 100 ಡೆಸಿಬೆಲ್‌ನಲ್ಲಿ ಕಿವಿಗೆ ಸುರಕ್ಷಿತ ಎನ್ನುವ ಅವಧಿ 15 ನಿಮಿಷ ಮಾತ್ರ.

ದರ ಕೇಳುವಾಗ ಸೆಟ್ಟಿನ ಬಾಡಿಗೆ, ಗಾಡಿ, ಏರಿಸಿಳಿಸುವ ಕೂಲಿ, ಜನರೇಟರ್, ಡೀಸೆಲ್ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಬಾಯಿಮಾತಿನ ಒಟ್ಟು ದರದಲ್ಲಿ ಡೀಸೆಲ್ ಸೇರಿದೆಯೋ ಇಲ್ಲವೋ ಎಂಬುದೇ ರಾತ್ರಿಯ ಜಗಳ. ಮದುವೆಗಳಿಲ್ಲದ ಧನುರ್ಮಾಸ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ, ಇದಕ್ಕೆ ಹೇಳಿಮಾಡಿಸಿದ ಕಾಲ: ಸೆಟ್ಟು ಖಾಲಿ ಇರುತ್ತವೆ, ಚೌಕಾಸಿಗೆ ಬಗ್ಗುತ್ತಾರೆ, ಮಳೆಯೂ ಇರುವುದಿಲ್ಲ. ಆಷಾಢದಲ್ಲೂ ಅಗ್ಗವೇ, ಆದರೆ ಒಳಾಂಗಣವೇ ಆಗಬೇಕು.

ಗಣಪತಿ ಹಬ್ಬ ಮುಗಿದ ಮೇಲೆ ಸೆಟ್ ಹಿಡಿಯುವವರು ಬೇಸ್ ಬಾಕ್ಸುಗಳನ್ನು ಒಂದೊಂದಾಗಿ ನೋಡಬೇಕು. ಮೆರವಣಿಗೆಯಲ್ಲಿ ಗಂಟೆಗಟ್ಟಲೆ ಪೂರ್ತಿ ಏರಿಸಿ ಓಡಿಸಿದ ಸ್ಪೀಕರುಗಳ ಕಾಯಿಲ್ ಸುಟ್ಟಿರಬಹುದು. ಕೋನನ್ನು ಎರಡೂ ಕೈಬೆರಳುಗಳಿಂದ ಸಮವಾಗಿ ಒತ್ತಿ ಬಿಡಿ. ಕರಕರ ಎಂದು ಉಜ್ಜಿದರೆ ಆ ಬಾಕ್ಸ್ ಬೇಡ. ಆಮೇಲೆ ಫೋನಿನಿಂದ 50 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ ಬಾಕ್ಸುಗಳನ್ನು ಒಂದರ ಮೇಲೊಂದು ಆನ್ ಮಾಡುತ್ತಾ ಹೋಗಿ. ಪ್ರತಿ ಬಾಕ್ಸ್ ಸೇರಿದಾಗಲೂ ಬೇಸ್ ಹೆಚ್ಚಬೇಕು. ಯಾವುದಾದರೂ ಒಂದು ಸೇರಿದಾಗ ಕಡಿಮೆಯಾದರೆ ಅದರ ಪ್ಲಸ್ ಮೈನಸ್ ಅದಲುಬದಲಾಗಿದೆ. ಗೋಡೌನಿನಲ್ಲೇ ಬಿಚ್ಚಿಸಿ, ವೈರ್ ಸರಿಮಾಡಿಸಿಕೊಂಡು ಗಾಡಿಗೆ ಏರಿಸಿ.