ನಿಕೋಟಿನ್ ಗಮ್ 2 ಎಂಜಿ ಮಿಂಟ್: ಪಾಕೆಟ್ ಹಾಕೋ ಹುಡುಗ್ರಿಗೆ ವರ್ಕ್ ಆಗುತ್ತಾ?

ತಂಬಾಕು ಬಿಡೋಕೆ ಅಂತ ಮೆಡಿಕಲ್ ಶಾಪಲ್ಲಿ ಸಿಗೋ ನಿಕೋಟಿನ್ ಗಮ್ ಬಗ್ಗೆ ನಾನು ಓದಿದ ರಿವ್ಯೂ ಎಲ್ಲಾ ಸಿಗರೇಟ್ ಸೇದೋರು ಬರ್ದಿದ್ದು. ನಮ್ಮ ದಾವಣಗೆರೆ ಚನ್ನಗಿರಿ ಸೈಡಲ್ಲಿ ನನ್ನ ವಯಸ್ಸಿನ ಎಷ್ಟೋ ಹುಡುಗ್ರು ಸಿಗರೇಟ್ ಮುಟ್ಟಿದೋರೇ ಅಲ್ಲ, ಸೀದಾ ಪಾಕೆಟ್, ಅಂದ್ರೆ ಪಾನ್ ಮಸಾಲಕ್ಕೆ ತಂಬಾಕು ಬೆರೆಸಿ ಬಾಯಿಗೆ ಹಾಕ್ಕೊಳ್ಳೋದು. ಪಿಯುಸಿಲಿ ಶುರು ಮಾಡಿದ ನಾನೂ ಅದೇ ಗುಂಪು, ಈಗ ಗಮ್ ಮೇಲೆ ಇದೀನಿ, ಅದಕ್ಕೆ ಈ ರಿವ್ಯೂ. ಬ್ರ್ಯಾಂಡ್ ಹೆಸ್ರು ಬೇಕಾಗಿಲ್ಲ, ಯಾವುದೇ ತಗೊಂಡ್ರೂ ಒಳಗೆ ಇರೋ ಮಾಲು ನಿಕೋಟಿನ್ನೇ, ತಂಬಾಕಲ್ಲಿ ಚಟ ಹಿಡಿಸೋದೂ ಅದೇ.

2 ಎಂಜಿದು ಚೀಟಿ ಇಲ್ದೆ ಕೊಡ್ತಾರೆ, 4 ಎಂಜಿಗೆ ಡಾಕ್ಟರ್ ಚೀಟಿ ಬೇಕು. ರುಚಿ ಮೊದ್ಲು ಮಿಂಟ್, ಆಮೇಲೆ ಕಾಳುಮೆಣಸು ಕಚ್ಚಿದಂಗೆ ಗಂಟಲಲ್ಲಿ ಚುರ್ರ್ ಅನ್ನುತ್ತೆ. ಆ ಚುರ್ರ್ ಬಂದ ತಕ್ಷಣ ಅಗಿಯೋದು ನಿಲ್ಲಿಸಿ ಕೆನ್ನೆ ಸಂದಿಲಿ ಒತ್ತರಿಸಿ ಇಟ್ಕೋಬೇಕು, ಚುರ್ರ್ ಕಮ್ಮಿ ಆದ್ಮೇಲೆ ಇನ್ನೆರಡು ಸಲ ಅಗಿದು ಮತ್ತೆ ಸಂದಿಗೆ ತಳ್ಳಬೇಕು, ಹಿಂಗೇ ಸುಮಾರು ಅರ್ಧ ಗಂಟೆ. ಬಬಲ್ ಗಮ್ ತರ ಗಬಗಬ ಅಗಿದ್ರೆ ನಿಕೋಟಿನ್ ಎಲ್ಲಾ ಉಗುಳಿನ ಜೊತೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಹೊಟ್ಟೆ ತೊಳೆಸೋದು ಶುರು ಆಗುತ್ತೆ, ಯಾಕಂದ್ರೆ ಅದು ರಕ್ತಕ್ಕೆ ಸೇರ್ಬೇಕಾಗಿರೋದು ಬಾಯಿ ಚರ್ಮದ ಮೂಲಕ. ಸಿಗರೇಟ್ ಸೇದೋರು ಈ ಸಂದಿಲಿ ಇಟ್ಕೊಳ್ಳೋ ವಿದ್ಯೆ ಹೊಸದಾಗಿ ಕಲೀಬೇಕು, ನಮ್ಮೋರಿಗೆ ಹೇಳಿಕೊಡೋದೇ ಬೇಡ, ಕೆನ್ನೆಲಿ ಜಾಗ ರೆಡಿ ಇದೆ. ಇನ್ನೊಂದು ವಿಷ್ಯ, ಕಾಫಿ, ಜ್ಯೂಸ್, ಸೋಡಾ ಕುಡಿದು ಹದಿನೈದು ನಿಮಿಷ ಆದ್ಮೇಲೇ ಹಾಕ್ಕೊಳ್ಳಿ, ಬಾಯಲ್ಲಿ ಹುಳಿ ಇದ್ರೆ ನಿಕೋಟಿನ್ ಸರಿಯಾಗಿ ಹೀರ್ಕೊಳ್ಳಲ್ಲ.

ಈ ಗಮ್ ಹುಟ್ಟಿದ ಕಥೆ ಓದಿದಾಗ ಅರೆ ಇದು ನಮ್ಮದೇ ಕಥೆ ಅಲ್ವಾ ಅನ್ನಿಸ್ತು. 1960ರ ದಶಕದ ಕೊನೇಲಿ ಸ್ವೀಡನ್‌ನಲ್ಲಿ ಸಬ್‌ಮರೀನ್ ಒಳಗೆ ಕೆಲ್ಸ ಮಾಡೋ ನಾವಿಕರಿಗೆ ನೀರಿನಡಿ ಇದ್ದಾಗ ಸಿಗರೇಟ್ ಹಚ್ಚೋಕೆ ಆಗ್ತಿರ್ಲಿಲ್ಲ, ಅವರು ತಂಬಾಕು ಬಾಯಿಗೆ ಹಾಕ್ಕೊಂಡು ಕಾಲ ತಳ್ತಿದ್ರಂತೆ. ಇದನ್ನ ಗಮನಿಸಿದ ಡಾಕ್ಟರೊಬ್ರು ಔಷಧಿ ಕಂಪನಿಲಿದ್ದ ಊವೆ ಫರ್ನೋ ಅನ್ನೋರಿಗೆ ಕಾಗದ ಬರ್ದ್ರು, ಅವರು ಕೂತು ಗಮ್ ತಯಾರು ಮಾಡಿದ್ರು. ನಮ್ಮ ಹುಡುಗ್ರ ಸಬ್‌ಮರೀನ್ ಅಂದ್ರೆ ಹಾಸ್ಟೆಲ್ ರೂಮು, ಕ್ಲಾಸಿನ ಕೊನೇ ಬೆಂಚು, ರಾತ್ರಿ ಶಿಫ್ಟು, ಲಾರಿ ಕ್ಯಾಬಿನ್ನು, ಎಲ್ಲಕ್ಕಿಂತ ಮುಖ್ಯ ಅಪ್ಪ ಕೂತಿರೋ ಹಜಾರ. ಸಿಗರೇಟ್ ಸೇದಿ ಬಂದ್ರೆ ಬಾಗಿಲಲ್ಲೇ ಅವ್ವಂಗೆ ವಾಸನೆ ಹೊಡಿಯುತ್ತೆ, ಪಾಕೆಟ್ ಆದ್ರೆ ಏಲಕ್ಕಿ ಘಮ, ಕೇಳಿದ್ರೆ ಸೋಂಪು ಅಂದ್ರೆ ಮುಗೀತು. ಹೊಗೆ ಇಲ್ಲ, ಬೆಂಕಿ ಇಲ್ಲ, ಐದೋ ಹತ್ತೋ ರೂಪಾಯಿ, ಜೇಬಲ್ಲಿ ಇದ್ರೂ ಕಾಣಲ್ಲ. ಸ್ಟೈಲಿಗೆ ಹಾಕ್ತಾರೆ, ಸಿನಿಮಾ ನೋಡಿ ಕೆಡ್ತಾರೆ ಅಂತ ದೊಡ್ಡೋರು ಹೇಳೋದು ನನಗೆ ಒಪ್ಪಿಗೆ ಇಲ್ಲ. ಸ್ಟೈಲ್ ಮಾಡೋನು ನಾಲ್ಕು ಜನಕ್ಕೆ ಕಾಣೋ ಹಂಗೆ ಮಾಡ್ತಾನೆ, ಇದನ್ನ ಹಾಕೋದೇ ಯಾರಿಗೂ ಕಾಣಲ್ಲ ಅಂತ. 2019ರ ಯುವಜನ ತಂಬಾಕು ಸರ್ವೆ ಪ್ರಕಾರ ನಮ್ಮ ದೇಶದಲ್ಲಿ ಇಂಥ ಅಗಿಯೋ ತಂಬಾಕು ರುಚಿ ನೋಡಿದ ಸ್ಕೂಲ್ ಮಕ್ಕಳಲ್ಲಿ ಅರ್ಧದಷ್ಟು ಜನ ಹತ್ತು ವರ್ಷ ತುಂಬೋದ್ರೊಳಗೇ ಶುರು ಮಾಡಿರ್ತಾರೆ. ಹತ್ತು ವರ್ಷದ ಮಗುಗೆ ಎಂಥ ಸ್ಟೈಲು ಸ್ವಾಮಿ, ಮನೇಲಿ ತಾತ ಅಜ್ಜಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕೋದು ನೋಡಿರುತ್ತೆ, ಇಲ್ಲಾ ಹಲ್ಲು ನೋವಿಗೆ ಇಟ್ಕೋ ಅಂತ ಯಾರೋ ಕೊಟ್ಟಿರ್ತಾರೆ.

ಹಾಗಾಗಿ ಕದ್ದು ಮುಚ್ಚಿ ಹಾಕೋ ಟೈಮಿಗೆ ಗಮ್ ಸೂಪರ್. ಬಸ್ಸು, ಆಫೀಸು, ಮನೆ ಎಲ್ಲಾ ಕಡೆ ನಡೆಯುತ್ತೆ, ಉಗಿಯೋ ತಾಪತ್ರಯನೂ ಇಲ್ಲ. ಕಿಕ್ ಮಾತ್ರ ಅಷ್ಟು ಬೇಗ ಬರಲ್ಲ. ಪಾಕೆಟ್ ಜೊತೆ ಹೋಗೋ ಸುಣ್ಣ ಇದ್ಯಲ್ಲ, ಅದು ನಿಕೋಟಿನ್ನ ಬಾಯಿಂದ ರಕ್ತಕ್ಕೆ ಬೇಗ ನುಗ್ಗಿಸುತ್ತೆ, ಗಮ್ಮಲ್ಲಿ ನಿಧಾನ, ತಾಳ್ಮೆ ಬೇಕು.

ಗಮ್ ಪೂರ್ತಿ ಸೋಲೋದು ಸಂಜೆ ಹೊತ್ತು. ಗ್ರೌಂಡ್ ಹತ್ರ ನಾಲ್ಕು ಜನ ಸೇರಿರ್ತೀವಿ, ಒಬ್ಬ ಎರಡೂ ಪಾಕೆಟ್ ಹರಿದು ಮಿಕ್ಸ್ ಮಾಡಿ ಅಲ್ಲಾಡಿಸಿ ಅಂಗೈಗೆ ಸುರ್ಕೊಂಡು "ಹಾಕ್ತೀಯೇನೋ ಮಗಾ" ಅಂತ ಚಾಚ್ತಾನೆ. ಅಲ್ಲಿ ಜೇಬಿಂದ ಗಮ್ ತೆಗೆದ್ರೆ ಮೊದ್ಲು ನಗು, ಆಮೇಲೆ "ಏನೋ ಡಾಕ್ಟರ್ ಸಾಹೇಬ" ಅನ್ನೋದು ಶುರು. ಹತ್ತು ರೂಪಾಯಿ ಆಸುಪಾಸಿನ ಒಂದು ಗಮ್ಮನ್ನ ನಾಲ್ಕು ಜನಕ್ಕೆ ಹಂಚೋಕೂ ಆಗಲ್ಲ, ಪಾಕೆಟ್ ಹಂಚಿದಷ್ಟೂ ದೋಸ್ತಿ. ನನ್ನ ಪ್ರಕಾರ ಹುಡುಗ್ರು ಬಿಡೋಕೆ ಆಗ್ದೆ ಇರೋದು ಅರ್ಧ ನಿಕೋಟಿನ್ನಿಂದ, ಇನ್ನರ್ಧ ಈ ಚಾಚಿದ ಕೈಯಿಂದ.

ಎರಡು ಪಾಕೆಟ್ ಯಾಕೆ ಅಂದ್ರೆ, ಕರ್ನಾಟಕದಲ್ಲಿ ಗುಟ್ಕಾ ಬ್ಯಾನ್ ಆಗಿದ್ದು 2013ರಲ್ಲಿ. ಆಗಿಂದ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಮಿಕ್ಸ್ ಮಾಡೋ ಕೆಲ್ಸ ಗಿರಾಕಿದು. 2025ರಿಂದ 21 ವರ್ಷದ ಒಳಗಿನೋರಿಗೆ ಮಾರೋ ಹಾಗಿಲ್ಲ ಅಂತ ರೂಲ್ಸ್ ಬೇರೆ ಬಂದಿದೆ, ಆದ್ರೆ ಯೂನಿಫಾರ್ಮ್ ಹಾಕಿರೋ ಹುಡುಗ ಕೇಳಿದ್ರೂ ಗೂಡಂಗಡಿಲಿ ಹಾರ ತರ ನೇತಾಕಿರೋದ್ರಿಂದ ಒಂದು ಕಿತ್ತು ಕೊಡೋದನ್ನ ಈಗಲೂ ನೋಡ್ತೀನಿ. ಅದೇ ಗಮ್ ಕೇಳಿ ನೋಡಿ, ಮೆಡಿಕಲ್ ಶಾಪಲ್ಲಿ ಮೇಲಿಂದ ಕೆಳಗೆ ನೋಡಿ "ಯಾರಿಗೆ?" ಅಂತಾರೆ.

ಇನ್ನು ಅಡಿಕೆ ವಿಷ್ಯ. ನಮ್ಮ ಮನೆ ಅನ್ನ ಬರೋದೇ ತೋಟದಿಂದ, ಇದನ್ನ ಬರೆದ್ರೆ ಚಿಕ್ಕಪ್ಪ ಮಾತು ಬಿಡಬಹುದು, ಆದ್ರೂ ಹೇಳ್ತೀನಿ. ಪಾಕೆಟ್‌ನಲ್ಲಿ ಎರಡು ಚಟ ಇದೆ, ತಂಬಾಕಿನ ನಿಕೋಟಿನ್ ಒಂದು, ಅಡಿಕೆಲಿರೋ ಅರಿಕೋಲಿನ್ ಇನ್ನೊಂದು. ಗಮ್ ಮೊದಲನೇದಕ್ಕೆ ಮಾತ್ರ. ಅದಕ್ಕೇ ಗಮ್ ಹಾಕಿದ್ರೂ ಏನೋ ಗಟ್ಟಿ ಕಡಿಬೇಕು ಅನ್ನಿಸ್ತಾನೇ ಇರುತ್ತೆ, "ತಂಬಾಕು ಬಿಟ್ಟೆ, ಬರೀ ಮಸಾಲ ಹಾಕ್ತೀನಿ" ಅನ್ನೋರು ಇಲ್ಲೇ ಸಿಕ್ಕಾಕ್ಕೊಳ್ಳೋದು. ತಂಬಾಕು ಇಲ್ದಿದ್ರೂ ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2004ರಲ್ಲೇ ವರದಿ ಕೊಟ್ಟಿದೆ. ಖಾರ ತಿಂದ್ರೆ ಬಾಯೆಲ್ಲಾ ಉರಿಯೋದು, ಬಾಯಿ ಪೂರ್ತಿ ತೆಗೆಯೋಕೆ ಆಗ್ದೆ ಇರೋದು, ಅಡಿಕೆಯಿಂದ ಬಾಯಿ ಒಳಗಿನ ಚರ್ಮ ಗಟ್ಟಿ ಆಗೋ ಕಾಯಿಲೆಯ ಲಕ್ಷಣ, ಅದು ಮುಂದೆ ಕ್ಯಾನ್ಸರ್ ಆಗಬಹುದು. ಮೂರು ಬೆರಳು ಒಂದ್ರ ಮೇಲೊಂದು ಜೋಡಿಸಿ ಬಾಯಿಗೆ ಇಟ್ಟು ನೋಡಿ, ಹಿಡೀಲಿಲ್ಲ ಅಂದ್ರೆ ಗಮ್ ತಗೊಳ್ಳೋಕೆ ಮುಂಚೆ ಡೆಂಟಿಸ್ಟ್ ಹತ್ರ ಹೋಗಿ, ಆ ದವಡೆಗೆ ಗಮ್ ಅಗಿಯೋದೂ ಕಷ್ಟ.

ಪಾಕೆಟ್ ಮೇಲೆ 1800112356 ಅಂತ ನಂಬರ್ ಇರುತ್ತೆ, ತಂಬಾಕು ಬಿಡೋರಿಗೆ ಸಹಾಯ ಮಾಡೋ ಫ್ರೀ ಕಾಲ್, ನಿಮ್ಹಾನ್ಸ್‌ನಲ್ಲೂ ಇದರ ಸೆಂಟರ್ ಇರೋದ್ರಿಂದ ಕನ್ನಡದಲ್ಲೇ ಮಾತಾಡಬಹುದು. ಗಮ್ ಜೊತೆ ಇದನ್ನೂ ಇಟ್ಕೊಳ್ಳಿ, ಬರೀ ಗಮ್ ನಂಬ್ಕೊಂಡ್ರೆ ಸಂಜೆ ಗ್ರೌಂಡ್ ದಾಟೋದು ಕಷ್ಟ.

ನನ್ನ ರೇಟಿಂಗ್ ಐದಕ್ಕೆ ಮೂರೂವರೆ. ರೇಟಿಗೆ ಅರ್ಧ, ಅಡಿಕೆಗೆ ಏನೂ ಮಾಡಲ್ಲ ಅನ್ನೋದಕ್ಕೆ ಒಂದು ಕಟ್. ಹಾರ್ಟ್ ಪ್ರಾಬ್ಲಂ ಇದ್ರೆ, ಇಲ್ಲಾ ವಯಸ್ಸು 18ಕ್ಕಿಂತ ಕಮ್ಮಿ ಇದ್ರೆ ಡಾಕ್ಟರ್ ಕೇಳದೆ ತಗೋಬೇಡಿ. ಗಮ್ ಹಾಕ್ಕೊಂಡೇ ಜೊತೆಗೆ ಪಾಕೆಟ್ಟೂ ಹಾಕ್ತೀನಿ ಅನ್ನೋರು ದುಡ್ಡು ದಂಡ ಮಾಡ್ಕೋಬೇಡಿ.