ಪೀಣ್ಯದ ಐದು ವರ್ಷ ಅಳಿಸಿಕೊಂಡು ಐಟಿಗೆ ಹೋದೆ, ಹತ್ತೊಂಬತ್ತೇ ದಿನಕ್ಕೆ ವಾಪಸ್ ಬಂದೆ

ನಾನು ಸೇರಿದ್ದ ಟ್ರೈನಿಂಗ್ ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ. ‘ನಾನ್-ಐಟಿಯಿಂದ ಐಟಿಗೆ’ ಅನ್ನುವ ಜಾಹೀರಾತು ನೋಡಿ ಫೋನ್ ನಂಬರ್ ಕೊಟ್ಟಿದ್ದೀರಾ? ಹಾಗಾದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ.

ನಾನು ತಿಪಟೂರಿನವನು. ಓದಿದ್ದು ಬಿ.ಇ. ಮೆಕ್ಯಾನಿಕಲ್. ಬೆಂಗಳೂರಿನ ಪೀಣ್ಯದಲ್ಲಿ, ಕಂಪ್ಯೂಟರ್ ನಡೆಸುವ ಮಷೀನಿನಲ್ಲಿ ಲೋಹ ಕಡೆಯುವ ಒಂದು ಸಿಎನ್‌ಸಿ ಶಾಪಿನಲ್ಲಿ ಐದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ಕೈಯಲ್ಲಿ ಮೈಕ್ರೋಮೀಟರ್, ಜೇಬಲ್ಲಿ ತೂತಿನ ಅಳತೆ ಸರಿಯಿದೆಯಾ ನೋಡುವ ಪ್ಲಗ್ ಗೇಜ್, ಸಂಬಳ 24,000. ಕೆಲಸ ಇಷ್ಟವೇ ಇತ್ತು, ಸಂಬಳದ್ದೇ ಕಷ್ಟ. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವನು ಕ್ಯಾಂಪಸ್‌ನಲ್ಲೇ ಐಟಿಗೆ ಹೋಗಿದ್ದ. 2021-22ರಲ್ಲಿ ಎರಡು ಕಂಪನಿ ಬದಲಾಯಿಸಿ ಕಾರು ತಗೊಂಡ. ಆಗ ಐಟಿಯವರಿಗೆ ಜನ ಎಷ್ಟು ಬೇಕಿತ್ತೆಂದರೆ, ಟಿಸಿಎಸ್ ಒಂದರಲ್ಲೇ ಆ ವರ್ಷ ಲಕ್ಷಕ್ಕೂ ಜಾಸ್ತಿ ಜನ ಹೆಚ್ಚಾದರು. ನಾನು ಧೈರ್ಯ ಮಾಡಿ ರಾಜೀನಾಮೆ ಕೊಟ್ಟದ್ದು 2023ರ ಕೊನೆಗೆ. ಅಷ್ಟೊತ್ತಿಗೆ ಅದೇ ಟಿಸಿಎಸ್‌ನಲ್ಲಿ ಜನರ ಸಂಖ್ಯೆ ಇಳಿಯುತ್ತಿತ್ತು. ಎಲ್ಲರೂ ಸುಗ್ಗಿ ಮುಗಿಸಿ ಕಣ ಗುಡಿಸಿದ ಮೇಲೆ ನಾನು ಕುಡುಗೋಲು ಮಸೆಯುತ್ತಾ ಹೊರಟಿದ್ದೆ.

ಬಿಟಿಎಂ ಲೇಔಟ್ ಕಡೆ ಒಂದು ಟ್ರೈನಿಂಗ್ ಸೆಂಟರ್. ಕೌನ್ಸೆಲರ್ ಒಬ್ಬ, ನನಗಿಂತ ಚಿಕ್ಕವನು. ಕಾಫಿ ತರಿಸಿದ, ನನ್ನ ರೆಸ್ಯೂಮೆ ನೋಡಿದ, ಮುಖ ಸಣ್ಣ ಮಾಡಿಕೊಂಡ. “ಸರ್, ಬೇಜಾರು ಮಾಡ್ಕೋಬೇಡಿ. ಐದು ವರ್ಷ ವೇಸ್ಟ್ ಆಗಿದೆ” ಅಂದ. ನಾನು ತಲೆಯಾಡಿಸಿದೆ! ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ. ಐದು ವರ್ಷ ನಾನು ಪಾಸ್ ಮಾಡಿದ ಶಾಫ್ಟುಗಳು ಯಾರದೋ ಗಾಡಿಯಲ್ಲಿ ತಿರುಗುತ್ತಿವೆ. ಅದು ಹೇಗೆ ವೇಸ್ಟ್?

ಫೀಸು ಒಂದು ಲಕ್ಷ, ಜಿಎಸ್‌ಟಿ ಸೇರಿ 1,18,000. “ಕೈಯಿಂದ ಕೊಡೋದು ಬೇಡ ಸರ್, ಕಂತಿನಲ್ಲಿ ಕಟ್ಟಿ, ಬಡ್ಡಿ ಇಲ್ಲ” ಅಂದ. ಟ್ಯಾಬ್ ಮುಂದಿಟ್ಟ. ಆಧಾರ್, ಪ್ಯಾನ್, ಸೆಲ್ಫಿ, ಮೂರು ಸಲ ಓಟಿಪಿ. ಹತ್ತು ನಿಮಿಷದಲ್ಲಿ ಮುಗಿಯಿತು. ಅದು ಫೀಸಿನ ಕಂತಲ್ಲ, ಒಂದು ಫೈನಾನ್ಸ್ ಕಂಪನಿಯಿಂದ ನನ್ನ ಹೆಸರಲ್ಲಿ ತೆಗೆದ ಸಾಲ ಅಂತ ತಿಳಿದದ್ದು ಮೊದಲ ಕಂತು ಕಡಿತವಾದ ಮೆಸೇಜ್ ಬಂದಾಗ. ತಿಂಗಳಿಗೆ 5,490, ಒಟ್ಟು 24 ತಿಂಗಳು. ಗುಣಿಸಿ ನೋಡಿ, 1,31,760 ಆಗುತ್ತದೆ. ದಿನಕ್ಕೆ ಇನ್ನೂರು ಅಳತೆ ತೆಗೆದು ಬರೆಯುತ್ತಿದ್ದವನು ಅವತ್ತು ಒಂದು ಗುಣಾಕಾರ ಮಾಡಲಿಲ್ಲ.

ಒಂದು ವಿಷಯ ಆಮೇಲೆ ಗೊತ್ತಾಯಿತು. ಇಂಥ ಡಿಜಿಟಲ್ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಬಡ್ಡಿ, ಖರ್ಚು ಎಲ್ಲ ಒಂದೇ ಕಡೆ ಬರೆದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಮೊದಲೇ ಕೊಡಬೇಕು. ಬೇಡವೆನಿಸಿದರೆ ದಂಡವಿಲ್ಲದೆ ವಾಪಸ್ ಮಾಡಲು ಸ್ವಲ್ಪ ಕಾಲಾವಕಾಶವೂ ಇರಬೇಕು. ನನ್ನ ಸ್ಟೇಟ್‌ಮೆಂಟ್ ಇಮೇಲ್‌ಗೆ ಬಂದಿತ್ತು. ನಾನು ತೆಗೆದಿರಲಿಲ್ಲ ಅಷ್ಟೆ.

ಕ್ಲಾಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೋರ್ ಜಾವಾ, ಎಸ್‌ಕ್ಯೂಎಲ್, ಸ್ಪ್ರಿಂಗ್ ಬೂಟ್. ಮೊದಲು ಬಂದ ಮೇಷ್ಟ್ರು ಚೆನ್ನಾಗಿದ್ದರು, ಆರು ವಾರಕ್ಕೆ ಬಿಟ್ಟು ಹೋದರು. ಆಮೇಲೆ ಮೂರು ಜನ ಬದಲಾದರು, ಕೊನೆಗೆ ರೆಕಾರ್ಡ್ ಮಾಡಿದ ವಿಡಿಯೊ. ರೂಮಿನಲ್ಲಿ ಅರವತ್ತು ಜನ: ಸಿವಿಲ್, ಬಿಕಾಂ, ಮದುವೆಯಾಗಿ ಏಳು ವರ್ಷ ಮನೆಯಲ್ಲಿದ್ದ ಒಬ್ಬರು ಅಕ್ಕ, ಫಾರ್ಮಸಿ ಹುಡುಗರು. ಆ ಅಕ್ಕ ನಮಗಿಂತ ಚುರುಕು. ಜಾಯಿನ್ ಕ್ವೆರಿ ನನ್ನ ತಲೆಗೆ ಹತ್ತಿದ್ದು ಅವರು ಹೇಳಿಕೊಟ್ಟಾಗಲೇ.

ನಿಜವಾದ ಬಲೆ ಕೋರ್ಸ್ ಮುಗಿದ ಮೇಲೆ ಬಿತ್ತು. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅಂತ ಗೋಡೆಯ ಮೇಲಿತ್ತು, ಒಪ್ಪಂದದಲ್ಲಿ ‘ಪ್ಲೇಸ್‌ಮೆಂಟ್ ನೆರವು’ ಅಂತಿತ್ತು. ಎರಡು ತಿಂಗಳು ಒಂದೂ ಕರೆ ಇಲ್ಲ. ಆಗ ಕೌನ್ಸೆಲರ್ ಒಳಗೆ ಕರೆದು ಬಾಗಿಲು ಹಾಕಿಕೊಂಡ. “ಫ್ರೆಶರ್ ಅಂದ್ರೆ ವಯಸ್ಸು ಜಾಸ್ತಿ. ಮೆಕ್ಯಾನಿಕಲ್ ಅಂದ್ರೆ ರೆಸ್ಯೂಮೆ ತೆಗೆದೂ ನೋಡಲ್ಲ. ಪೀಣ್ಯ ತೆಗೆದುಬಿಡೋಣ. ಹೈದರಾಬಾದ್‌ನ ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷ ಅಂತ ಹಾಕೋಣ. ಎಲ್ಲರೂ ಮಾಡೋದು ಇದನ್ನೇ ಸರ್.” ಇದಕ್ಕೆ ಬೇರೆ 45,000. ಆಫರ್ ಲೆಟರ್, ಸ್ಯಾಲರಿ ಸ್ಲಿಪ್, ರಿಲೀವಿಂಗ್ ಲೆಟರ್. ಯಾರಾದರೂ ವಿಚಾರಿಸಿದರೆ ‘ಎಚ್‌ಆರ್’ ಅಂತ ಫೋನ್ ಎತ್ತಲು ಒಬ್ಬಳು ಹುಡುಗಿಯೂ ಇದ್ದಳು.

ದುಡ್ಡು ಅಪ್ಪ ಕೊಟ್ಟರು. ಕೊಬ್ಬರಿ ಮಾರಿದ ದುಡ್ಡು. “ಏನಕ್ಕೋ ಮಗ?” ಅಂದರು. “ಸರ್ಟಿಫಿಕೇಟಿಗೆ” ಅಂದೆ.

ಪತ್ರಗಳು ಕೈಗೆ ಬಂದ ರಾತ್ರಿ ಪಿಜಿಯ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಅಭ್ಯಾಸ ಬಲ. ಸೀಲು ಒತ್ತಿದ್ದಲ್ಲ, ಪ್ರಿಂಟ್ ಆದದ್ದು. ಬೆರಳಾಡಿಸಿದರೆ ಶಾಯಿ ಸಹಿಯ ಜೊತೆಯಲ್ಲೇ ಒಂದೇ ಪದರದಲ್ಲಿತ್ತು. ಮೂರೂ ಪತ್ರದಲ್ಲಿ ಸಹಿಯ ಬಾಲ ಒಂದೇ ಕಡೆ ಒಂದೇ ರೀತಿ ಮುರಿದಿತ್ತು. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿದ ತಾರೀಕು ಅಕ್ಟೋಬರ್ 2. ಗಾಂಧಿ ಜಯಂತಿ ದಿನ ಯಾವ ಆಫೀಸ್ ತೆರೆದಿರುತ್ತದೆ ಹೇಳಿ? ಪೀಣ್ಯದಲ್ಲಿ ಇಪ್ಪತ್ತು ಮೈಕ್ರಾನ್ ಜಾಸ್ತಿ ಬಂದ ಪೀಸಿಗೆ ಕೆಂಪು ಟ್ಯಾಗ್ ಕಟ್ಟಿ ಪಕ್ಕಕ್ಕಿಡುತ್ತಿದ್ದವನು ನಾನು. ಇದನ್ನು ಪಾಸ್ ಮಾಡಿದೆ.

ಕೆಲಸ ಸಿಕ್ಕಿತು. ವರ್ಷಕ್ಕೆ 6.5 ಲಕ್ಷ. ಮನೆಯಲ್ಲಿ ಹೋಳಿಗೆ.

ಎರಡನೇ ವಾರ ಲೈವ್ ಸಿಸ್ಟಮ್‌ನಲ್ಲಿ ಏನೋ ಕೆಟ್ಟಿತು. ಟೀಮ್ ಲೀಡ್ ನನ್ನ ಕಡೆ ತಿರುಗಿ “ಗುರು, ಒಂದು ಥ್ರೆಡ್ ಡಂಪ್ ತೆಗಿ” ಅಂದರು. ಓಡುತ್ತಿರುವ ಪ್ರೋಗ್ರಾಂ ಒಳಗೆ ಆ ಕ್ಷಣ ಏನೇನು ನಡೆಯುತ್ತಿದೆ ಅನ್ನುವ ಪಟ್ಟಿ ಅದು, ಮೂರು ವರ್ಷದ ಅನುಭವದವನಿಗೆ ಗೊತ್ತಿರಬೇಕಾದ ಮಾತು. ನಾನು ಟಾಯ್ಲೆಟ್‌ಗೆ ಹೋಗಿ ಮೊಬೈಲಿನಲ್ಲಿ ಅದರ ಅರ್ಥ ಹುಡುಕಿದೆ. ಹೊರಗೆ ಬರುವಷ್ಟರಲ್ಲಿ ಅವರೇ ತೆಗೆದಿದ್ದರು. ಅವತ್ತು ಅವರು ರಾತ್ರಿ ಹನ್ನೊಂದರವರೆಗೆ ಕೂತರು, ಅರ್ಧ ನನ್ನ ಕೆಲಸಕ್ಕೆ. ಒಂದು ಮಾತೂ ಬೈಯಲಿಲ್ಲ.

ಹತ್ತೊಂಬತ್ತನೇ ದಿನ ಎಚ್‌ಆರ್ ಕರೆದರು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ನನ್ನ ಯುಎಎನ್‌ನ, ಅಂದರೆ ಪಿಎಫ್ ನಂಬರಿನ, ಸರ್ವಿಸ್ ಹಿಸ್ಟರಿ. ಹೈದರಾಬಾದ್ ಎಲ್ಲೂ ಇಲ್ಲ. ಪೀಣ್ಯದ ಫ್ಯಾಕ್ಟರಿ ಹೆಸರು, ಸೇರಿದ ದಿನ, ಬಿಟ್ಟ ದಿನ ಸ್ಪಷ್ಟವಾಗಿ ಇತ್ತು. ನಮ್ಮ ಓನರ್ ಕೊರೊನಾ ಕಾಲದಲ್ಲೂ ಒಂದು ತಿಂಗಳು ತಪ್ಪದೆ ಪಿಎಫ್ ಕಟ್ಟಿದ್ದರು. “ಈ ಮೂರು ವರ್ಷ ನೀವು ಎಲ್ಲಿದ್ರಿ?” ಅಂತ ಆಕೆ ಮೆತ್ತಗೆ ಕೇಳಿದರು. ಸಂಜೆಯೊಳಗೆ ಐಡಿ ಕಾರ್ಡ್ ವಾಪಸ್ ಕೊಟ್ಟು ಬಸ್ ಸ್ಟಾಪಿನಲ್ಲಿ ನಿಂತಿದ್ದೆ.

ಈಗ ಕೇಳಿ, ಹೆಸರು ಯಾಕೆ ಬರೆಯುತ್ತಿಲ್ಲ ಅಂತ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ದೂರು ಬರೆದುಕೊಂಡರು. ಸಂಸ್ಥೆಯವರು ‘ಇವರಿಗೆ ಪ್ಲೇಸ್‌ಮೆಂಟ್ ಆಗಿದೆ’ ಅಂತ ಉತ್ತರ ಕೊಟ್ಟು ಕೈ ತೊಳೆದುಕೊಂಡರು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ಕೇಸಿಗೆ ಶುಲ್ಕವೂ ಇಲ್ಲ. ಆದರೆ ಹೋದರೆ ಮೊದಲು ಹೊರಬರುವುದು ನನ್ನ ಸುಳ್ಳು ಪತ್ರ. ಆ 45,000ಕ್ಕೆ ಅವರು ಮಾರಿದ್ದು ಅನುಭವ ಅಲ್ಲ ಸ್ವಾಮಿ, ನನ್ನ ಬಾಯಿಗೆ ಬೀಗ. ಸಾಲದಲ್ಲಿ ಮೋಸ ಹೋದವನು ಕೂಗಾಡಬಹುದು. ಕಳ್ಳ ಪತ್ರ ತಗೊಂಡವನು ಉಸಿರು ಬಿಡುವ ಹಾಗಿಲ್ಲ.

ಈ ಕಥೆ ಹೇಳಿಕೊಂಡಾಗ ಐಟಿ ಗೆಳೆಯರು ಕೆಲವರು “ಇಂಥವರು ನುಗ್ಗಿಯೇ ಫೀಲ್ಡ್ ಹಾಳಾಗಿದ್ದು. ಕಂಪ್ಯೂಟರ್ ಸೈನ್ಸ್ ಓದದವರಿಗೆ ಇಲ್ಲೇನು ಕೆಲಸ?” ಅನ್ನುತ್ತಾರೆ. ಅರ್ಧ ಒಪ್ಪುತ್ತೇನೆ. ನನ್ನಿಂದ ಒಬ್ಬರು ರಾತ್ರಿ ಹನ್ನೊಂದರವರೆಗೆ ಕೂತರಲ್ಲ, ಅವರ ಸಿಟ್ಟು ನ್ಯಾಯವೇ. ಉಳಿದರ್ಧ ಒಪ್ಪಲ್ಲ. ನಾರಾಯಣ ಮೂರ್ತಿಯವರು ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಿಕಲ್. ಅದೇ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಲ್ಲಿ ಮೆಕ್ಯಾನಿಕಲ್, ಸಿವಿಲ್ ಹುಡುಗರಿಗೆ ಕೋಡಿಂಗ್ ಕಲಿಸಿಯೇ ಪ್ರಾಜೆಕ್ಟಿಗೆ ಕಳಿಸಿದ್ದಾರೆ. ಇಪ್ಪತ್ತೆರಡಕ್ಕೆ ಬಂದರೆ ‘ಟ್ರೈನಿ’, ಇಪ್ಪತ್ತೆಂಟಕ್ಕೆ ಬಂದರೆ ‘ನುಗ್ಗಿದವನು’ ಅಂದರೆ ಹೇಗೆ? ‘ನೀನು ಇಲ್ಲಿಯವನಲ್ಲ’ ಅನ್ನುವ ಈ ಮಾತೇ ಆ ಕೌನ್ಸೆಲರ್‌ನ ಬಂಡವಾಳ. ಅದನ್ನು ಅವನು ನನಗೆ ಕಾಫಿ ಜೊತೆ ಕುಡಿಸಿದ, ನಾಚಿಕೆ ಹುಟ್ಟಿಸಿದ, ಆಮೇಲೆ ಅದನ್ನು ಮುಚ್ಚಿಕೊಳ್ಳಲು ಕಾಗದ ಮಾರಿದ.

ಆಮೇಲೆ ಪೀಣ್ಯವನ್ನು ಮೇಲೆ ಬರೆದು ಹೊಸ ರೆಸ್ಯೂಮೆ ಮಾಡಿದೆ. ಐಐಟಿಗಳ ಆನ್‌ಲೈನ್ ಪಾಠ ಸಿಗುವ ಎನ್‌ಪಿಟೆಲ್‌ನಲ್ಲಿ ಒಂದು ಕೋರ್ಸ್ ಪುಕ್ಕಟೆ ಕೇಳಿ, ಪರೀಕ್ಷೆಗೆ ಮಾತ್ರ ಸಾವಿರ ರೂಪಾಯಿ ಕಟ್ಟಿದೆ. ಇಂಟರ್‌ವ್ಯೂಗಳಲ್ಲಿ ಆ ಹತ್ತೊಂಬತ್ತು ದಿನದ ಕಥೆಯನ್ನೂ ಹೇಳಿದೆ. ಎರಡು ಕಡೆ ಅಲ್ಲೇ ಮಾತು ನಿಂತಿತು. ಮೂರನೆಯವರು ಫ್ಯಾಕ್ಟರಿಗಳಿಗೆ ಇನ್‌ಸ್ಪೆಕ್ಷನ್ ರಿಪೋರ್ಟ್ ಸಾಫ್ಟ್‌ವೇರ್ ಮಾಡುವ ಹನ್ನೊಂದು ಜನದ ಕಂಪನಿ. “ಗೋ, ನೋ-ಗೋ ಗೇಜ್ ಅಂದ್ರೆ ನಮ್ಮ ಹುಡುಗರಿಗೆ ಅರ್ಥ ಮಾಡಿಸ್ತೀಯಾ?” ಅಂದರು. ಪೀಸು ಪಾಸೋ ಫೇಲೋ ಹೇಳುವ ಗೇಜು ಅದು, ಪೀಣ್ಯದಲ್ಲಿ ನನ್ನ ಜೇಬಲ್ಲಿದ್ದಂಥದ್ದೇ. ಟೆಸ್ಟಿಂಗ್ ಕೆಲಸ. ಸಂಬಳ ಪೀಣ್ಯಕ್ಕಿಂತ ಎರಡು ಸಾವಿರ ಜಾಸ್ತಿ ಅಷ್ಟೆ.

ಮೊನ್ನೆ ಆ ಬಿಟಿಎಂ ರಸ್ತೆಯಲ್ಲಿ ಹೋಗುತ್ತಿದ್ದೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ನನ್ನ ಫೋಟೊ ಇನ್ನೂ ಇದೆ, ಟೈ ಕಟ್ಟಿದ್ದು. ಕೆಳಗೆ ‘ಮೆಕ್ಯಾನಿಕಲ್‌ನಿಂದ ಐಟಿಗೆ, 6.5 ಲಕ್ಷ’. ಇಬ್ಬರು ಹುಡುಗರು ಅದನ್ನೇ ನೋಡುತ್ತಾ ನಿಂತಿದ್ದರು. ಕರೆದು ಮಾತಾಡಿಸಿದೆ, ಫೋಟೊದವನು ನಾನೇ ಅಂದೆ. ಒಬ್ಬ ನಂಬಿದ. ಇನ್ನೊಬ್ಬ “ಹಾಗಾದ್ರೆ ನಿಮಗೆ ಕೆಲಸ ಸಿಕ್ತಲ್ವಾ ಅಣ್ಣ?” ಅಂತ ಕೇಳಿ ಒಳಗೆ ಹೋದ.

ಕಂತು ಇನ್ನೂ ನಾಲ್ಕಿದೆ.